ಬಿಸಿನೀರ ಕೊಳದ ಅಕ್ಕಂದಿರು

ಒಂದಾನೊಂದು ಕಾಲದಲ್ಲಿ, ನಮಗಿಂತ ಮುಂಚೆ ಬೆಳಗಾಗೋ ಜಪಾನ್ ದೇಶದಲ್ಲಿ, ಹಿಮ ಬೀಳೋ ಬೆಟ್ಟದ ಬುಡದಲ್ಲಿ ಒಬ್ಬಳು ತಾಯಿ, ಅವಳಿಗೆ ಮೂರು ಜನ ಹೆಣ್ಣುಮಕ್ಕಳು ಇದ್ರಂತೆ. ದೊಡ್ಡವಳು ತೋಮಿ, ನಡುವಿನವಳು ಮಿತ್ಸು, ಕೊನೆಯವಳು ಕಿನು. ಆ ವರ್ಷ ಎಂಥಾ ಚಳಿ ಅಂದ್ರೆ, ತಾಯಿಯ ಕಾಲು ಮರಗಟ್ಟಿ ಹಾಸಿಗೆ ಬಿಟ್ಟು ಏಳೋಕೇ ಆಗ್ಲಿಲ್ವಂತೆ. ಬೆಟ್ಟದ ಮೇಲೆ ನೆಲದಿಂದ ತಾನಾಗೇ ಬಿಸಿನೀರು ಉಕ್ಕೋ ಕೊಳ ಇದೆ, ಆ ನೀರು ಹುಯ್ದ್ರೆ ಕಾಲು ವಾಸಿಯಾಗುತ್ತೆ, ಆದ್ರೆ ಅಲ್ಲಿರೋ ಮುದುಕಿ ಕೊಳದಲ್ಲಿ ಮಿಂದವರಿಗೆ ಮಾತ್ರ ನೀರು ಕೊಡ್ತಾಳೆ ಅಂತ ಊರೋರು ಹೇಳಿದ್ರಂತೆ.

ಸರಿ, ತೋಮಿ ಹೋದ್ಲು. ಬರ್ಲಿಲ್ಲ. ಆಮೇಲೆ ಅಕ್ಕನ್ನ ಹುಡುಕ್ಕೊಂಡು ಮಿತ್ಸು ಹೋದ್ಲು. ಅವಳೂ ಬರ್ಲಿಲ್ಲ. ಕಿನು ಹೊರಟಾಗ ತಾಯಿ ಅವಳ ಕೈ ಹಿಡ್ಕೊಂಡು, ಬೇಡ ಕಣೇ, ನನ್ನ ಕಾಲು ಹೋದ್ರೆ ಹೋಗ್ಲಿ, ಉಳಿದಿರೋಳು ನೀನೊಬ್ಬಳು ಅಂತ ಅತ್ತಳಂತೆ. ಅಕ್ಕಂದಿರು ಅಲ್ಲಿದ್ರೆ ನಾನಿಲ್ಲಿ ಹೇಗಮ್ಮಾ ಕೂತಿರ್ಲಿ ಅಂದು ಕಿನು ಹೊರಟೇಬಿಟ್ಟಳಂತೆ.

ಮೇಲೆ ಒಂದು ಮರದ ಮನೆ. ಬಾಗಿಲಲ್ಲಿ ಆ ಮುದುಕಿ, ಕಣ್ಣು ಪಿಳುಕಿಸೋದೇ ಇಲ್ಲ. ಬಟ್ಟೆ ಕಳಚಿ ಬುಟ್ಟೀಲಿಡು, ಮೈ ಉಜ್ಜಿ ತೊಳ್ಕೋ, ಆಮೇಲೆ ನೀರಿಗಿಳಿ ಅಂದಳಂತೆ. ಬುಟ್ಟಿ ಇಡೋಕೆ ಹೋದ್ರೆ ಅಲ್ಲಿ ಸಾಲು ಸಾಲು ಬುಟ್ಟಿ, ಯಾರ್ಯಾರದೋ ಬಟ್ಟೆ, ಎಲ್ಲದರ ಮೇಲೂ ಧೂಳು. ಅದರಲ್ಲಿ ತೋಮಿಯ ನೀಲಿ ಉಡುಪು, ಪಕ್ಕದಲ್ಲೇ ಮಿತ್ಸುದು! ಕಿನು ತನ್ನ ಬುಟ್ಟೀನೂ ಅವುಗಳ ಪಕ್ಕಕ್ಕೇ ಇಟ್ಟಳಂತೆ.

ಮೈ ತೊಳ್ಕೊಂಡು ಹೊರಗೆ ಬಂದ್ರೆ ಬರೀ ಹಬೆ. ಹಬೆಯೊಳಗೆ ತಲೆಗಳು. ಕತ್ತಿನವರೆಗೂ ನೀರಲ್ಲಿ ಕೂತ ಹೆಂಗಸರು, ಎಲ್ಲರ ಕಣ್ಣೂ ಮುಚ್ಚಿದೆ, ಎಲ್ಲರೂ ಸಣ್ಣಗೆ ನಗ್ತಿದ್ದಾರೆ, ಕೆಲವರ ಕೂದಲಂತೂ ಬೆಳೆದು ಪಾಚಿ ಹಾಗೆ ನೀರ ಮೇಲೆ ಹರಡಿದೆ. ಕಿನು ಇಳಿದು ಹತ್ತಿರ ಹೋಗಿ, ದೊಡ್ಡಕ್ಕಾ ಅಂದ್ರೆ, ತೋಮಿ ಕಣ್ಣೂ ಬಿಡದೆ, ನೀನ್ಯಾರು ಅಂದಳಂತೆ.

ಆಗ ಮುದುಕಿ ದಡದಲ್ಲಿ ನಿಂತು, ನೀರು ಹಿತವಾಗಿದೆಯಾ, ಇನ್ನೊಂಚೂರು ಇರ್ತೀಯಾ ಅಂತ ಕೇಳಿದ್ಲು. ಆ ಬಿಸಿಯ ಹಿತಕ್ಕೆ ಮೈಮರೆತು ಹೂಂ ಅಂದಳು ಕಿನು, ಬಂದ ದಾರಿ ಮರೆತುಹೋಯ್ತು. ಮತ್ತೆ ಕೇಳಿದ್ಲು. ಹೂಂ ಅಂದ್ರೆ ಊರಿನ ಹೆಸರೇ ಹೋಯ್ತು. ಮೂರನೇ ಸಲ ಕೇಳಿದಾಗ ಅಮ್ಮ ಅನ್ನೋ ಮಾತು ಬಾಯಲ್ಲಿದೆ, ಅಮ್ಮನ ಮುಖ ಮಾತ್ರ ಬರ್ತಿಲ್ಲ! ಅಯ್ಯೋ ಅಂತ ಹೆದರಿ ದಡದ ಕಲ್ಲು ಹಿಡಿದಳಂತೆ. ಕಲ್ಲಿನ ಮೇಲಿದ್ದ ಹಿಮ ಅಂಗೈಗೆ ಚುರ್ ಅಂತು ನೋಡು, ಅಮ್ಮನ ಮುಖ ಕಣ್ಣೆದುರು ಬಂತಂತೆ.

ತಡ ಮಾಡ್ಲಿಲ್ಲ ಅವಳು. ಹಿಮ ಬಾಚಿ ಬಾಚಿ ತೋಮಿ ಮುಖಕ್ಕೆ ತಿಕ್ಕಿದ್ಲು, ಮಿತ್ಸು ಮುಖಕ್ಕೆ ತಿಕ್ಕಿದ್ಲು, ಕೈಗೆ ಸಿಕ್ಕವರಿಗೆಲ್ಲಾ ಎರಚಿದ್ಲು. ಒಬ್ಬೊಬ್ಬರೇ ಕಿಟಾರನೆ ಕಿರುಚಿಕೊಂಡು ಎಚ್ಚರಾಗಿ ದಡ ಹತ್ತಿದ್ರಂತೆ. ಮುದುಕಿ ಬಾಗಿಲಿಗೆ ಅಡ್ಡ ನಿಂತಳು, ನೀರು ಕೊತಕೊತ ಕುದಿಯೋಕೆ ಹತ್ತಿತು. ನೀವೆಲ್ಲಾ ಹೋದ್ರೆ ಈ ಬೆಟ್ಟದಲ್ಲಿ ನಾನೊಬ್ಬಳೇ ಇರ್ಬೇಕಾ ಅಂತ ಅಬ್ಬರಿಸಿದಳಂತೆ.

ಕಿನು ಮುದುಕಿ ಎದುರಿಗೆ ಹೋಗಿ ನಿಂತಳು. ಅಂದಳು, ಅಜ್ಜಿ, ಇಷ್ಟು ಜನರನ್ನ ಹಿಡಿದಿಟ್ಟುಕೊಂಡೆ, ಒಬ್ಬರಾದ್ರೂ ನಿನ್ನ ಊಟ ಆಯ್ತಾ ಅಂತ ಕೇಳಿದ್ರಾ? ಬಿಟ್ಟುಬಿಡು. ಮತ್ತೆ ನಾವಾಗೇ ಬರ್ತೀವಿ.

 ಮುದುಕಿ ಮೊದಲ ಸಲ ಕಣ್ಣು ಪಿಳುಕಿಸಿ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳಂತೆ. ತಾನೇ ಕೊಡ ತುಂಬಿ ಕಿನು ಕೈಗೆ ಕೊಟ್ಟಳಂತೆ. ಎಲ್ಲರೂ ತಂತಮ್ಮ ಬಟ್ಟೆ ಉಟ್ಕೊಂಡು ಅವರವರ ಮನೆಗೆ ಹೊರಟ್ರಂತೆ.

ಆ ನೀರು ಹುಯ್ದ ಮೇಲೆ ತಾಯಿ ಗೋಡೆ ಹಿಡ್ಕೊಂಡು ಎದ್ದಳು, ಆಮೇಲೆ ಗೋಡೆ ಬಿಟ್ಟೂ ನಡೆದಳು. ಹಿಮ ಬಿದ್ದಾಗೆಲ್ಲಾ ತಾಯಿ ಮಕ್ಕಳು ಬುತ್ತಿ ಕಟ್ಕೊಂಡು ಹೋಗಿ, ಮುದುಕಿ ಜೊತೆ ಉಂಡು, ಮಿಂದು, ಸಂಜೆಯೊಳಗೆ ವಾಪಸ್ ಬರ್ತಿದ್ರಂತೆ. ಕಿನು ಮಾತ್ರ ನೀರಲ್ಲಿ ಕೂತಷ್ಟು ಹೊತ್ತೂ ಅಕ್ಕಂದಿರ ಕೈ ಬಿಡ್ತಿರ್ಲಿಲ್ವಂತೆ.

ಅಲ್ಲಿಗೆ ಅವರು ಅವರ ಮನೇಲಿ ಬೆಚ್ಚಗೆ, ನಾವು ನಮ್ಮ ಮನೇಲಿ ಬೆಚ್ಚಗೆ. ಕತೆ ಮುಗೀತು, ಕಂಬಳಿ ಹೊದ್ಕೋ ಕಂದಾ.