ಸೆಲಿನಮ್ಮನ ವ್ಯಾನಿಗೆ ತಿರುಪಿನ ಗೂಟ

ಸೆಲಿನಮ್ಮ ಕೋಳಿಯದು ದೊಡ್ಡ ಮನೆತನ. ಅವಳ ಅಜ್ಜಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತವಳು. ಅವಳ ತಾಯಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತವಳು. ಸೆಲಿನಮ್ಮನೂ ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಆ ಮನೆತನದವರು ಬೀದಿಯಲ್ಲಿ ನಿಂತು ಮಣ್ಣು ಕೆದಕಿದ್ದೇ ಇಲ್ಲ.

ಒಂದು ಸಂಜೆ ಅವಳು ಮರಿಗಳನ್ನು ಕರೆತರಲು ಹೊರಟಳು. ಮರಿಗಳ ಶಾಲೆ ಗುಡ್ಡದ ಮೇಲೆ. ಕತ್ತಲಾದರೆ ಅಲ್ಲಿಗೆ ನರಿ ಬರುತ್ತದೆ. ವ್ಯಾನಿನ ಡ್ರೈವರು ಮಂಗಣ್ಣ. ಮೆಕ್ಯಾನಿಕ್ಕೂ ಅವನೇ.

ಟಕ ಟಕ, ಟಕ ಟಕ, ಠಣ್. ವ್ಯಾನು ನಿಂತಿತು.

ಎಂಜಿನ್ನಿನ ತಲೆಯ ಮೇಲೆ ಒಂದು ಗೂಟ. ಅದರ ಹೆಸರು ಸ್ಟಡ್. ಗೂಟದ ಮೇಲೆ ಒಂದು ಪುಟ್ಟ ತೂಗುಹಲಗೆ. ಅದರ ಹೆಸರು ರಾಕರ್. ಗೂಟವನ್ನು ಮಂಗಣ್ಣ ಹೋದ ವಾರ ಬಡಿದು ಕೂರಿಸಿದ್ದ. ಅದು ಕಿತ್ತು ಹಾರಿತು. ರಾಕರ್ ಆಡಲಿಲ್ಲ. ಎಂಜಿನ್ ಉಸಿರಾಡಲಿಲ್ಲ. ವ್ಯಾನು ಓಡಲಿಲ್ಲ.

"ಮಂಗಣ್ಣ, ಮಂಗಣ್ಣ, ಗೂಟ ಹಾಕು. ವ್ಯಾನು ಮರಿಗಳಿಗೆ."

ಮಂಗಣ್ಣ ಇನ್ನೊಂದು ಗೂಟ ಬಡಿದ. ಠಣ್, ಎದ್ದು ಬಂತು. ಮತ್ತೆ ಬಡಿದ. ಠಣ್, ಮತ್ತೆ ಎದ್ದು ಬಂತು.

"ಬಡಿದರೆ ನಿಲ್ಲೋದಿಲ್ಲ ಅಮ್ಮ. ತಿರುಗಿಸಿ ಕೂರಿಸೋ ಗೂಟ ಬೇಕು. ಅಳಿಲಕ್ಕನ ಅಂಗಡಿಯಲ್ಲಿದೆ."

ಓಡಿದಳು ಸೆಲಿನಮ್ಮ.

"ಅಳಿಲಕ್ಕ, ಅಳಿಲಕ್ಕ, ತಿರುಪಿನ ಗೂಟ ಕೊಡು. ಗೂಟ ಮಂಗಣ್ಣನಿಗೆ. ವ್ಯಾನು ಮರಿಗಳಿಗೆ."

"ದಪ್ಪದ್ದಿದೆ, ಸಣ್ಣದಿದೆ, ಉದ್ದದ್ದಿದೆ, ಗಿಡ್ಡದ್ದಿದೆ. ಮಂಗಣ್ಣ ಬಡಿದ ತೂತಿನೊಳಗೆ ತಿರುಪಿನ ಸುತ್ತೇ ಇರೋದಿಲ್ಲ, ಯಾವುದನ್ನು ಆರಿಸಲಿ? ಮೊದಲು ಸುತ್ತು ಕೊರೆಸಿ. ಮರಕುಟಿಗ ತಾತ ಕೊರೀತಾರೆ."

ಓಡಿದಳು ಸೆಲಿನಮ್ಮ.

"ತಾತ, ತಾತ, ಸುತ್ತು ಕೊರೆಯಿರಿ. ಸುತ್ತು ಅಳಿಲಕ್ಕನಿಗೆ. ಗೂಟ ಮಂಗಣ್ಣನಿಗೆ. ವ್ಯಾನು ಮರಿಗಳಿಗೆ."

"ಎಣ್ಣೆ ಬಿಡದೆ ಕಬ್ಬಿಣ ಕೊರೆದರೆ ನನ್ನ ಕೊಕ್ಕು ಮುರಿಯುತ್ತೆ ಮಗಳೇ. ಗಾಣದ ಎತ್ತಪ್ಪನ ಹತ್ತಿರ ಎಣ್ಣೆ ತಾ."

ಓಡಿದಳು ಸೆಲಿನಮ್ಮ.

"ಎತ್ತಪ್ಪ, ಎತ್ತಪ್ಪ, ಎಣ್ಣೆ ಕೊಡು. ಎಣ್ಣೆ ತಾತನಿಗೆ. ಸುತ್ತು ಅಳಿಲಕ್ಕನಿಗೆ. ಗೂಟ ಮಂಗಣ್ಣನಿಗೆ. ವ್ಯಾನು ಮರಿಗಳಿಗೆ."

"ಹೊಟ್ಟೆ ಹಸಿದಿದೆ ತಾಯಿ. ಹುಲ್ಲು ತನ್ನಿ, ಗಾಣ ತಿರುಗಿಸ್ತೀನಿ."

ಓಡಿದಳು ಸೆಲಿನಮ್ಮ. ಬಸ್ ಸ್ಟ್ಯಾಂಡಿನ ಮುಂದೆ ಹುಲ್ಲಮ್ಮ ಬಾಡಿ ಕೂತಿದ್ದಳು.

"ಹುಲ್ಲಮ್ಮ, ಹುಲ್ಲಮ್ಮ, ಹುಲ್ಲು ಕೊಡು. ಹುಲ್ಲು ಎತ್ತಪ್ಪನಿಗೆ. ಎಣ್ಣೆ ತಾತನಿಗೆ. ಸುತ್ತು ಅಳಿಲಕ್ಕನಿಗೆ. ಗೂಟ ಮಂಗಣ್ಣನಿಗೆ. ವ್ಯಾನು ಮರಿಗಳಿಗೆ."

"ನನ್ನ ಬೇರಿನ ಮೇಲೆ ಮಣ್ಣು ಗಟ್ಟಿಯಾಗಿದೆ. ಉಸಿರು ಕಟ್ಟಿದೆ. ಕೆದಕಿಕೊಟ್ಟರೆ ಚಿಗುರುತ್ತೀನಿ."

ಸೆಲಿನಮ್ಮ ಸುತ್ತ ನೋಡಿದಳು. ಬಸ್ ಸ್ಟ್ಯಾಂಡಿನ ತುಂಬ ಜನ. ಗುಡ್ಡದ ಕಡೆ ನೋಡಿದಳು. ಸೂರ್ಯ ಇಳಿಯುತ್ತಿದ್ದ. ಸೆರಗು ಬಿಗಿದು ಸಿಕ್ಕಿಸಿದಳು. ಕರ ಕರ ಕರ, ಕೆದಕಿದಳು.

ಬಾತುಕೋಳಿ ಕೇಳಿತು, "ಏನು ಸೆಲಿನಮ್ಮ, ದೊಡ್ಡ ಮನೆತನ ಬೀದಿಗೆ ಬಂತಾ?"

"ಬಂತು. ಪಕ್ಕಕ್ಕೆ ಸರಿ."

ಕರ ಕರ ಕರ. ಮಣ್ಣು ಸಡಿಲವಾಯಿತು. ಹುಲ್ಲಮ್ಮ ಚಿಗುರಿ ಹುಲ್ಲು ಕೊಟ್ಟಳು. ಹುಲ್ಲು ತಿಂದು ಎತ್ತಪ್ಪ ಎಣ್ಣೆ ಕೊಟ್ಟ. ವ್ಯಾನಿನ ತೂತಿಗೆ ಎಣ್ಣೆ ಬಿಟ್ಟು ತಾತ ಸುತ್ತು ಕೊರೆದರು, ಕಿರ್ರ್ ಕಿರ್ರ್. ಸುತ್ತು ನೋಡಿ ಅಳಿಲಕ್ಕ ಗೂಟ ಆರಿಸಿದಳು. ದಪ್ಪದ್ದು ಒಳಗೆ ಹೋಗಲಿಲ್ಲ. ಸಣ್ಣದು ಅಲ್ಲಾಡಿತು. ಉದ್ದದ್ದು ಎಂಜಿನ್ನಿನ ಮುಚ್ಚಳಕ್ಕೆ ತಾಗಿತು. ಗಿಡ್ಡದ್ದು ರಾಕರ್‌ಗೆ ಎಟುಕಲಿಲ್ಲ. ಅವಳ ಡಬ್ಬಿಯ ತಳದಲ್ಲಿತ್ತು ಇನ್ನೊಂದು. ಅದು ಸರಸರ ಇಳಿಯಿತು. ಮಂಗಣ್ಣ ಸ್ಪ್ಯಾನರ್ ಹಿಡಿದು ಬಿಗಿದ. ಗೂಟ ನಿಂತಿತು. ರಾಕರ್ ಆಡಿತು. ಎಂಜಿನ್ ಉಸಿರಾಡಿತು. ವ್ಯಾನು ಓಡಿತು, ಟಕ ಟಕ, ಟಕ ಟಕ, ಗುಡ್ಡದ ತುದಿಗೆ.

ನರಿಗಿಂತ ಮೊದಲು ವ್ಯಾನು ಬಂತು. ಚಿಂವ್ ಚಿಂವ್, ಮರಿಗಳೆಲ್ಲ ಹತ್ತಿದವು.

ಮಂಗಣ್ಣ ಹಿಂದೆ ತಿರುಗಿ ಹೇಳಿದ, "ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ ಮರಿಗಳೇ. ಆ ಗೂಟ ಕಿತ್ತುಬಂದದ್ದು ನಿಮ್ಮಮ್ಮನ ಭಾರಕ್ಕೆ."

ಮರಿಗಳು ಕಿಸಕ್ಕನೆ ನಕ್ಕವು. ಸೆಲಿನಮ್ಮ ನಗಲಿಲ್ಲ.

"ಗೂಟ ನನ್ನ ಭಾರಕ್ಕೆ ಕಿತ್ತುಬರಲಿಲ್ಲ. ನೀನು ಸುತ್ತು ಕೊರೆಸದೆ ಬಡಿದೆ, ಅದಕ್ಕೆ ಕಿತ್ತುಬಂತು. ಮರಿಗಳ ಮುಂದೆ ಆಡಿದ ಮಾತು. ಮರಿಗಳ ಮುಂದೆಯೇ ಕ್ಷಮೆ ಕೇಳು."