ಹನ್ನೆರಡನೆಯ ಆಟಗಾರ

ಬೊಲಿವಿಯಾ ದೇಶದಲ್ಲಿ ತಿಂಕಮಾರ್ಕ ಎಂಬ ಗಣಿ ಊರಿತ್ತು. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಕೂರಿಸಿ, ಅದರ ತುದಿಯಲ್ಲಿ ಊರು ಕಟ್ಟಿದರೆ ಹೇಗೋ ಹಾಗೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಕೆಳಗಿನ ಬಯಲಿನಿಂದ ಬಂದವರು ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಎದೆ ಹಿಡಿದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ಉಂಡದ್ದು ಹೊರಗೆ ಬರುತ್ತದೆ. ಊರಿನವರಿಗೆ ಏನೂ ಆಗುವುದಿಲ್ಲ. ಹುಟ್ಟಿದಾಗಿನಿಂದ ಅದೇ ಗಾಳಿ.

ಈ ಊರಿಗೆ ಒಂದು ಫುಟ್‌ಬಾಲ್ ತಂಡವಿತ್ತು. ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಲೀಗಿನ ನಿಯಮ ಕಷ್ಟದ್ದಲ್ಲ. ಹದಿನಾಲ್ಕು ತಂಡಗಳು. ಏಳು ಬೆಟ್ಟದವು, ಏಳು ಬಯಲಿನವು. ಪ್ರತಿ ತಂಡವೂ ಉಳಿದ ಎಲ್ಲರ ಜೊತೆ ಎರಡು ಸಲ ಆಡಬೇಕು. ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಅವರ ಊರಿನಲ್ಲಿ. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಇಬ್ಬರಿಗೂ ಒಂದೊಂದು. ವರ್ಷದ ಕೊನೆಗೆ ಎಲ್ಲರಿಗಿಂತ ಕೆಳಗಿರುವ ತಂಡ ಎರಡನೇ ದರ್ಜೆಗೆ ಇಳಿಯುತ್ತದೆ.

ತಿಂಕಮಾರ್ಕದವರಿಗೆ ಇದು ಬರೀ ಮಾನದ ಮಾತಾಗಿರಲಿಲ್ಲ. ಎರಡನೇ ದರ್ಜೆಗೆ ಇಳಿದ ತಂಡಕ್ಕೆ ಸಂಬಳ ಕೊಡುವ ಶಕ್ತಿ ಆ ಊರಿಗಿಲ್ಲ. ಸಂಬಳ ನಿಂತರೆ ಆಟಗಾರರೆಲ್ಲ ಮತ್ತೆ ತವರದ ಗಣಿಯೊಳಗೆ ಹೋಗಬೇಕು. ಅವರ ಅಪ್ಪಂದಿರು ಅಲ್ಲೇ ದೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತವರು. ತಂಡದ ನಾಯಕ ರುಫಿನೊನ ಅಪ್ಪನೂ ಹಾಗೇ ಹೋದವನು.

ರುಫಿನೊ ದೂರದಿಂದ ಗೋಲು ಹೊಡೆಯುವುದರಲ್ಲಿ ಹೆಸರಾದವನು. ಅರ್ಧ ಮೈದಾನದಿಂದ ಒದ್ದರೂ ಚೆಂಡು ಕವಣೆಯ ಕಲ್ಲಿನಂತೆ ಹೋಗುತ್ತಿತ್ತು. ಬಯಲಿನ ಗೋಲ್‌ಕೀಪರ್ ಕೈ ಎತ್ತುವಷ್ಟರಲ್ಲಿ ಬಲೆ ಅಲುಗಾಡುತ್ತಿತ್ತು. ಆಮೇಲೆ ಅರವತ್ತನೇ ನಿಮಿಷದ ಹೊತ್ತಿಗೆ ಬಯಲಿನವರು ಒಬ್ಬೊಬ್ಬರಾಗಿ ಮೊಣಕಾಲಿನ ಮೇಲೆ ಕೈಯೂರಿ ನಿಲ್ಲುತ್ತಿದ್ದರು. ಉಳಿದ ಮೂವತ್ತು ನಿಮಿಷ ತಿಂಕಮಾರ್ಕದವರು ಸಂತೆಯಲ್ಲಿ ಅಡ್ಡಾಡಿದ ಹಾಗೆ ಅಡ್ಡಾಡುತ್ತ ಗೆಲ್ಲುತ್ತಿದ್ದರು. ಆ ವರ್ಷ ಬಯಲಿನ ಆರು ತಂಡ ಹತ್ತಿ ಬಂದವು, ಆರೂ ಸೋತು ಇಳಿದವು. ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದರು: ಬೆಟ್ಟವೇ ನಮ್ಮ ಹನ್ನೆರಡನೆಯ ಆಟಗಾರ.

ಇದೇ ತಂಡ ಬಯಲಿಗೆ ಇಳಿದು ಹೋದಾಗ ಏಳಕ್ಕೆ ಏಳೂ ಸೋತಿತು. ಏಳು ಸೋಲಿಗೆ ಏಳು ಕಾರಣ ಸಿಕ್ಕಿದವು. ಸೆಕೆ. ಸೊಳ್ಳೆ. ರೆಫರಿ ಅವರ ಕಡೆಯವನು. ಹುಲ್ಲು ಎತ್ತರ ಬಿಟ್ಟಿದ್ದರು. ಬಸ್ಸು ತಡವಾಯಿತು. ಮೀನು ಹಳಸಿತ್ತು. ಏಳನೆಯದು ರುಫಿನೊನೇ ಕಂಡುಹಿಡಿದದ್ದು: ಕೆಳಗಿನ ಚೆಂಡು ಭಾರ. ಏಳರಲ್ಲಿ ಒಂದು ಕಾರಣಕ್ಕೂ ಅವನ ಹೆಸರಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವ ಗಾದೆ ನಮ್ಮಲ್ಲಿ ಮಾತ್ರ ಇದೆ, ಅಂಥ ಜನ ಎಲ್ಲ ದೇಶದಲ್ಲೂ ಇದ್ದಾರೆ.

ಬೆಟ್ಟದ ಬೇರೆ ತಂಡಗಳು ಬಂದಾಗ ಪಂದ್ಯ ಹೆಚ್ಚೆಂದರೆ ಡ್ರಾ ಆಗುತ್ತಿತ್ತು. ಅವರಿಗೂ ಅದೇ ಗಾಳಿ ಅಭ್ಯಾಸ, ಅವರಿಗೆ ಉಸಿರು ಕಟ್ಟುತ್ತಿರಲಿಲ್ಲ. ಹಾಗಾದರೆ ನಮ್ಮ ಆಟವೆಲ್ಲಿ ಎಂದು ತಂಡದಲ್ಲಿ ಒಬ್ಬನೂ ಕೇಳಿಕೊಳ್ಳಲಿಲ್ಲ.

ಕೇಳಿದವರು ಕೋಚ್ ಅನ್ಸೆಲ್ಮೊ. ಆ ದೇಶದಲ್ಲಿ ಕೋಚನ್ನು ಆಟಗಾರರು ಕರೆಯುವುದು ಮೇಷ್ಟ್ರೇ ಎಂದು. ಮೇಷ್ಟ್ರು ಚೆಂಡಿನ ವಿಷಯ ಬಿಡಿಸಿ ಹೇಳಿದರು. ಮೇಲಿನ ಚೆಂಡೂ ಕೆಳಗಿನ ಚೆಂಡೂ ಒಂದೇ ತೂಕ. ಮೇಲೆ ಗಾಳಿ ತೆಳುವಾದ್ದರಿಂದ ತಡೆಯುವವರಿಲ್ಲದೆ ಓಡುತ್ತದೆ, ಕೆಳಗೆ ದಟ್ಟ ಗಾಳಿ ಅದನ್ನು ಹಿಡಿದು ನಿಧಾನ ಮಾಡುತ್ತದೆ. ನಿನ್ನ ಗೋಲಿನಲ್ಲಿ ಅರ್ಧ ಗಾಳಿಯದು ಎಂದು ನಾಯಕನ ಮುಖದ ಮೇಲೇ ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು. ಎದುರಿನವರು ಅರವತ್ತು ನಿಮಿಷಕ್ಕೆ ಸುಸ್ತಾಗುವುದನ್ನು ನೋಡಿ ನೋಡಿ ನೀವೂ ಅರವತ್ತೇ ನಿಮಿಷದ ಆಟ ಕಲಿತಿದ್ದೀರಿ. ಪಂದ್ಯ ಇರುವುದು ತೊಂಬತ್ತು ನಿಮಿಷ.

ಊರಿನ ಮೇಲುಗಡೆ ಒಂದು ಚಿಕ್ಕ ಇಗರ್ಜಿ, ಅಂದರೆ ಚರ್ಚು, ಇತ್ತು. ಅಲ್ಲಿಗೆ ನೂರ ತೊಂಬತ್ತು ಕಲ್ಲಿನ ಮೆಟ್ಟಿಲು. ನಾಳೆಯಿಂದ ದಿನಾ ಬೆಳಿಗ್ಗೆ ಎಲ್ಲರೂ ಅದನ್ನು ಓಡಿಕೊಂಡು ಹತ್ತಬೇಕು ಎಂದರು ಮೇಷ್ಟ್ರು.

ರುಫಿನೊ ನಕ್ಕುಬಿಟ್ಟ. "ಮೇಷ್ಟ್ರೇ, ನಾವು ಹುಟ್ಟಿದ್ದೇ ಇದರ ಮೇಲೆ. ಮೀನಿಗೆ ಈಜು ಹೇಳಿಕೊಡುತ್ತೀರಾ? ನೀವು ಬಯಲಿನವರು, ನಿಮಗೆ ಬೇಕಾದರೆ ಹತ್ತಿ."

ತಂಡವೆಲ್ಲ ನಕ್ಕಿತು. ನಾಯಕ ನಕ್ಕ ಮೇಲೆ ಉಳಿದವರು ನಗದೆ ಇರುತ್ತಾರೆಯೇ. ಮರುದಿನ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಮೇಷ್ಟ್ರು ಒಬ್ಬರೇ ನಿಂತಿದ್ದರು. ಮೂರು ದಿನ ಹಾಗೆ ನಿಂತು ನೋಡಿ, ನಾಲ್ಕನೆಯ ದಿನ ಅವರೂ ಬರುವುದು ಬಿಟ್ಟರು.

ಹೀಗೆ ವರ್ಷ ಕಳೆದು ಕೊನೆಯ ಪಂದ್ಯ ಒಂದೇ ಉಳಿಯಿತು. ಪಟ್ಟಿಯ ತಳದಲ್ಲಿ ಎರಡು ತಂಡ. ಒಂದು ತಿಂಕಮಾರ್ಕ, ಇನ್ನೊಂದು ಬಯಲಿನ ನದಿಯ ದಂಡೆಯ ಊರು ಪಾಲ್ಮಾರ್. ಪಾಲ್ಮಾರ್‌ಗೆ ಒಂದು ಪಾಯಿಂಟ್ ಕಡಿಮೆ. ಕೊನೆಯ ಪಂದ್ಯ ಈ ಇಬ್ಬರ ನಡುವೆಯೇ, ಅದೂ ತಿಂಕಮಾರ್ಕದಲ್ಲಿ. ಪಾಲ್ಮಾರ್ ಗೆಲ್ಲಲೇಬೇಕು. ತಿಂಕಮಾರ್ಕಕ್ಕೆ ಡ್ರಾ ಆದರೂ ಸಾಕು. ಊರಿನವರು ಆಗಲೇ ಉಳಿದೆವು ಎಂದುಕೊಂಡು ಕುರಿ ಕಡಿಯುವವನಿಗೆ ಹೇಳಿಟ್ಟರು.

ದೇಶದ ತಂಡ ಬೇರೆ ಕಡೆ ಆಡಲಿಕ್ಕಿದೆ ಎಂದು ಆ ಪಂದ್ಯಕ್ಕೆ ಮೊದಲು ಲೀಗಿಗೆ ಮೂರು ವಾರ ರಜೆ ಬಂತು. ರಜೆಯ ಮೊದಲನೇ ದಿನವೇ ಒಂದು ಹಳೆಯ ಬಸ್ಸು ಏದುಸಿರು ಬಿಡುತ್ತ ಊರಿಗೆ ಹತ್ತಿತು. ಅದರಿಂದ ಪಾಲ್ಮಾರ್ ತಂಡ ಇಳಿಯಿತು. ಹದಿನೆಂಟು ಜನ. ಇಳಿದವರಲ್ಲಿ ಹನ್ನೊಂದು ಜನ ಬಸ್ಸಿನ ಚಕ್ರದ ಪಕ್ಕದಲ್ಲೇ ವಾಂತಿ ಮಾಡಿಕೊಂಡರು. ಊರಿನ ಜನ ಅಂಗಡಿಯಿಂದ ಹೊರಗೆ ಬಂದು ನಿಂತು ನೋಡಿ ನಕ್ಕರು.

ಅವರು ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದದ್ದು ಸತುರ್ನೀನಮ್ಮನ ಮನೆಗೆ. ಗಂಡ ಸತ್ತ ಮೇಲೆ ಮೂರು ಕೋಣೆ ಬಾಡಿಗೆಗೆ ಕೊಟ್ಟು, ಬಂದವರಿಗೆ ಅಡುಗೆ ಮಾಡಿ ಹಾಕಿ ಬದುಕಿದ ಹೆಂಗಸು ಅವಳು. ರುಫಿನೊನ ತಾಯಿ.

ಪಾಲ್ಮಾರ್‌ನ ನಾಯಕ ಅದೆಲಿಯೊ ವಯಸ್ಸಾದ ಗೋಲ್‌ಕೀಪರ್. ಬಾಗಿಲಿನ ಕಂಬ ಹಿಡಿದುಕೊಂಡು ಮಾತಾಡಿದ. "ಅಮ್ಮ, ಐದು ವರ್ಷ ಐದು ಸಲ ನಿಮ್ಮ ಊರಿಗೆ ಬಂದು, ವಾಂತಿ ಮಾಡಿ, ಸೋತು ಹೋಗಿದ್ದೇನೆ. ಆರನೇ ಸಲ ವಾಂತಿ ಮೊದಲೇ ಮುಗಿಸಿಕೊಳ್ಳೋಣ ಎಂದು ಬಂದೆ."

ಸತುರ್ನೀನಮ್ಮ ಎಲ್ಲರಿಗೂ ಕೋಕಾ ಎಲೆಯ ಕಷಾಯ ಕಾಯಿಸಿ ಕೊಟ್ಟಳು; ಎತ್ತರದ ಕಾಯಿಲೆಗೆ ಅಲ್ಲಿನವರ ಮನೆಮದ್ದು ಅದು. ಒಂದು ಕೋಣೆಗೆ ಆರು ಜನರಂತೆ ಮಲಗಿಸಿದಳು. ಶತ್ರುಗಳಿಗೆ ಸೂಪು ಹಾಕುತ್ತಾಳೆ ಎಂದು ನೆರೆಯವರು ಆಡಿಕೊಂಡರು. ಕಷಾಯ ಕೊಡುವಾಗ ಜ್ವರದವನ ಅಂಗಿಯ ಬಣ್ಣ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ ಎಂದು ಅವಳು ಹೇಳಿದಳು. ಆಡಿಕೊಳ್ಳುವವರಿಗೆ ಬೇರೆ ಕೆಲಸವಿಲ್ಲ, ಅವಳಿಗೆ ಹದಿನೆಂಟು ತಟ್ಟೆ ತೊಳೆಯುವುದಿತ್ತು.

ಎರಡನೇ ದಿನ ಬೆಳಿಗ್ಗೆ ಪಾಲ್ಮಾರ್‌ನವರು ಇಗರ್ಜಿಯ ಮೆಟ್ಟಿಲ ಬುಡಕ್ಕೆ ಹೋದರು. ಹತ್ತು ಮೆಟ್ಟಿಲು ಹತ್ತಿ ಕೂತುಬಿಟ್ಟರು. ಸಂಜೆ ಊಟಕ್ಕೆ ಬಂದ ಮಗನಿಗೆ ಸತುರ್ನೀನಮ್ಮ ಅದನ್ನು ಹೇಳಿದಳು. ರುಫಿನೊ ಬಾಯಲ್ಲಿದ್ದ ಆಲೂಗೆಡ್ಡೆ ಉದುರುವಷ್ಟು ನಕ್ಕ.

ಆರನೇ ದಿನ ಅರವತ್ತು ಮೆಟ್ಟಿಲು ಎಂದಳು. ರುಫಿನೊ ಹೂಂ ಎಂದ. ಹನ್ನೆರಡನೇ ದಿನ ನೂರ ಇಪ್ಪತ್ತು, ಇಬ್ಬರು ಮಾತ್ರ ಕೂತರು ಎಂದಳು. ಉಪ್ಪು ಕಡಿಮೆಯಾಗಿದೆ ಎಂದ. ಮೇಷ್ಟ್ರು ಹೇಳಿದ್ದನ್ನು ಈಗಲಾದರೂ ಮಾಡು, ಇನ್ನೂ ಒಂಬತ್ತು ದಿನ ಇದೆ ಎಂದು ಅವಳು ಬಿಡಿಸಿ ಹೇಳಿದಳು. ಮೆಟ್ಟಿಲು ಹತ್ತಿದವರಿಗೆಲ್ಲ ಗೋಲು ಸಿಗುವುದಾದರೆ ಇಗರ್ಜಿಯ ಪಾದ್ರಿಯನ್ನೇ ತಂಡಕ್ಕೆ ಸೇರಿಸಬಹುದು ಎಂದು ಅವನು ಕೈ ತೊಳೆದ. ನಗಬೇಡಿ ಮಕ್ಕಳೇ. ಅಮ್ಮನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ರುಫಿನೊ ಒಬ್ಬನೇ ಕಲಿತ ವಿದ್ಯೆಯಲ್ಲ.

ಹತ್ತೊಂಬತ್ತನೇ ದಿನ ಹದಿನೆಂಟು ಜನವೂ ನೂರ ತೊಂಬತ್ತು ಮೆಟ್ಟಿಲನ್ನು ನಿಲ್ಲದೆ ಹತ್ತಿದರು. ಇಳಿದು ಬಂದು ಸೂಪನ್ನು ಎರಡೆರಡು ತಟ್ಟೆ ಕುಡಿದರು. ಆ ಸಂಜೆ ಸತುರ್ನೀನಮ್ಮ ಮಗನಿಗೆ ಏನೂ ಹೇಳಲಿಲ್ಲ. ಹೇಳಿ ಆಗುವುದು ಮುಗಿದಿತ್ತು.

ಪಂದ್ಯದ ದಿನ ಮೈದಾನ ತುಂಬಿತ್ತು. ಹನ್ನೊಂದನೇ ನಿಮಿಷಕ್ಕೆ ರುಫಿನೊ ಅರ್ಧ ಮೈದಾನದಿಂದ ಒದ್ದ. ಚೆಂಡು ನೆಟ್ಟಗೆ ಬಲೆಗೆ ಹೋಯಿತು. ಜನ ಕುಣಿದರು. ಅವನು ಬೆಟ್ಟದ ಕಡೆ ಕೈ ತೋರಿಸಿ ಮುತ್ತು ಕೊಟ್ಟ.

ಇಪ್ಪತ್ತನೇ ನಿಮಿಷಕ್ಕೆ ಇನ್ನೊಮ್ಮೆ ಅಂಥದ್ದೇ ಒದ್ದ. ಈ ಸಲ ಅದೆಲಿಯೊ ಅಲ್ಲಿ ನಿಂತಿದ್ದ. ಮೂರು ವಾರ ಮೇಲಿನ ಗಾಳಿಯಲ್ಲಿ ದಿನಾ ನೂರು ಚೆಂಡು ಹಿಡಿದವನಿಗೆ ಒಂದು ಹೋಗಿಬಿಡಬಹುದು, ಎರಡು ಹೋಗುವುದಿಲ್ಲ. ಹಿಡಿದು ಎದೆಗೊತ್ತಿಕೊಂಡ.

ಅರವತ್ತನೇ ನಿಮಿಷ ಬಂತು. ತಿಂಕಮಾರ್ಕದವರು ಅಭ್ಯಾಸದಂತೆ ಓಟ ನಿಲ್ಲಿಸಿ, ಎದುರಿನವರು ಮೊಣಕಾಲಿಗೆ ಕೈ ಕೊಡುವುದನ್ನು ಕಾದರು. ಯಾರೂ ಕೈ ಕೊಡಲಿಲ್ಲ. ಅರವತ್ತೈದಾಯಿತು. ಪಾಲ್ಮಾರ್‌ನವರು ಈಗಷ್ಟೇ ಆಟ ಶುರುಮಾಡಿದವರಂತೆ ಓಡುತ್ತಲೇ ಇದ್ದರು. ಎಪ್ಪತ್ತನೇ ನಿಮಿಷಕ್ಕೆ ಒಂದು ಗೋಲು ಹೊಡೆದರು. ಒಂದಕ್ಕೆ ಒಂದು.

ಇನ್ನು ಇಪ್ಪತ್ತು ನಿಮಿಷ ತಡೆದರೆ ಸಾಕಿತ್ತು. ರುಫಿನೊ ತನ್ನವರನ್ನು ಕೂಗಲು ತಿರುಗಿದ. ಅವನ ತಂಡದ ನಾಲ್ವರು ಮೊಣಕಾಲಿನ ಮೇಲೆ ಕೈಯೂರಿ ನಿಂತಿದ್ದರು. ಕೂಗಲು ಬಾಯಿ ತೆರೆದ. ಉಸಿರು ಸಾಲಲಿಲ್ಲ. ಬಗ್ಗಿ ನೋಡಿಕೊಂಡರೆ ಅವನ ಕೈಗಳೂ ಅವನ ಮೊಣಕಾಲಿನ ಮೇಲೇ ಇದ್ದವು.

ಎಂಬತ್ತೆಂಟನೇ ನಿಮಿಷಕ್ಕೆ ಪಾಲ್ಮಾರ್ ಎರಡನೇ ಗೋಲು ಹೊಡೆಯಿತು. ಪಂದ್ಯ ಮುಗಿಯಿತು. ಕುರಿ ಉಳಿಯಿತು, ತಿಂಕಮಾರ್ಕ ಇಳಿಯಿತು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ರೆಫರಿಯನ್ನು ಬೈದರು, ರಜೆ ಕೊಟ್ಟವರನ್ನು ಬೈದರು, ಊರಿನ ಗಾಳಿ ಕದ್ದರು ಎಂದು ಪಾಲ್ಮಾರ್‌ನವರನ್ನು ಬೈದರು. ಎಂಟನೆಯ ಕಾರಣ ಹುಡುಕುತ್ತಿದ್ದರು. ರುಫಿನೊ ಮಾತ್ರ ಕೆಂಪು ಅಕ್ಷರದ ಗೋಡೆಗೆ ಬೆನ್ನು ಮಾಡಿ ಕೂತಿದ್ದ. ಮೇಷ್ಟ್ರು ಎಲ್ಲರಿಗೂ ಒಂದೊಂದು ಲೋಟ ನೀರು ಕೊಟ್ಟರು. ನಾನು ಹೇಳಿರಲಿಲ್ಲವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಎರಡು ತಿಂಗಳಾಯಿತು. ಸಂಬಳ ನಿಂತಿತು. ಆಟಗಾರರು ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿಕೊಂಡು ಗಣಿಗೆ ಹೋಗತೊಡಗಿದರು. ಒಂದು ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ರುಫಿನೊ, ಕೆಲಸಕ್ಕೆ ಹೋಗುವ ಮೊದಲು, ಇಗರ್ಜಿಯ ಮೆಟ್ಟಿಲ ಬುಡಕ್ಕೆ ಬಂದ. ಆಚೀಚೆ ನೋಡಿ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಓಡುತ್ತ ಹತ್ತತೊಡಗಿದ. ಎಂಬತ್ತನೇ ಮೆಟ್ಟಿಲಿಗೆ ಎದೆ ಹಿಡಿದುಕೊಂಡಿತು. ಕೂತುಬಿಟ್ಟ.

ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದಾಯಿತು. ಸತುರ್ನೀನಮ್ಮ. ಕೈಯಲ್ಲಿ ಮೇಣದ ಬತ್ತಿ. ಗಂಡ ಸತ್ತ ಮೇಲೆ ಹದಿನಾರು ವರ್ಷದಿಂದ ಪ್ರತಿ ಶುಕ್ರವಾರ ಅವಳು ಹತ್ತಿದ ಮೆಟ್ಟಿಲು ಅದು. ಅರವತ್ತೆರಡು ವಯಸ್ಸು. ಉಸಿರು ಸಮವಾಗಿತ್ತು.

ರುಫಿನೊ ತಲೆ ತಗ್ಗಿಸಿಕೊಂಡೇ ಹೇಳಿದ. "ಬೆಟ್ಟ ನಮ್ಮ ಕೈ ಬಿಟ್ಟಿತಮ್ಮ."

"ಬೆಟ್ಟ ನಿನ್ನ ಕೈಯನ್ನು ಯಾವತ್ತು ಹಿಡಿದಿತ್ತು?" ಎಂದಳು ಸತುರ್ನೀನಮ್ಮ. "ಅದು ಬಯಲಿನವರ ಕತ್ತು ಹಿಡಿದಿತ್ತು ಅಷ್ಟೇ. ಅವರು ಮೂರು ವಾರ ಮೈ ಬಗ್ಗಿಸಿ ಬಿಡಿಸಿಕೊಂಡರು. ಆಮೇಲೆ ಮೈದಾನದಲ್ಲಿ ಉಳಿದವನು ನೀನೊಬ್ಬನೇ."

ಅವನು ಮುಖದ ಬೆವರು ಒರೆಸಿಕೊಂಡ.

"ನಾಳೆ ನಿನ್ನ ತಂಡದವರೆಲ್ಲರನ್ನೂ ಕರೆದುಕೊಂಡು ಬಾ. ಮೇಷ್ಟ್ರನ್ನು ಮೊದಲು ಕರಿ," ಎಂದು ಹೇಳಿ ಅವಳು ಮಗನನ್ನು ದಾಟಿ ಮೇಲೆ ಹತ್ತಿದಳು. ತಿರುಗಿ ನೋಡಲಿಲ್ಲ.

ರುಫಿನೊ ಸ್ವಲ್ಪ ಹೊತ್ತು ತಾಯಿಯ ಬೆನ್ನನ್ನು ನೋಡುತ್ತ ಕೂತಿದ್ದ. ಆಮೇಲೆ ಎದ್ದ. ಎಂಬತ್ತೊಂದು ಎಂದು ಎಣಿಸಿದ.

ನೀತಿ: ಎದುರಿನವನ ಉಸಿರು ಕಟ್ಟಿದ್ದನ್ನು ನಿನ್ನ ಕಾಲಿನ ಬಲ ಎಂದು ತಿಳಿಯಬೇಡ. ಹುಟ್ಟಿನಿಂದ ಸಿಕ್ಕ ಅನುಕೂಲ, ಬೇರೆಯವರು ಅದಕ್ಕೆ ಒಗ್ಗಿಕೊಳ್ಳುವ ತನಕ ಮಾತ್ರ ಅನುಕೂಲ. ಆಮೇಲೆ ಕೈಹಿಡಿಯುವುದು ನೀನು ಹತ್ತಿದ ಮೆಟ್ಟಿಲು ಮಾತ್ರ.