ಏಡಿ ಗೀರಿದ ಬಾಗಿಲು

ಕೇಳು ತಂಗಿ, ಇದು ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತು. ಎಷ್ಟು ಹೊಸದು ಅಂದರೆ, ಸಮುದ್ರ ಯಾವ ದಿಕ್ಕಿಗಿದೆ ಎಂಬುದು ನದಿಗೆ ಸರಿಯಾಗಿ ಗೊತ್ತಾಗಿರಲಿಲ್ಲ.

ಈಚೆ ನದಿ, ಆಚೆ ಸಮುದ್ರ, ನಡುವೆ ಮರಳು ಅಡ್ಡ ಮಲಗಿತ್ತು. ನದಿಯ ದಡದಲ್ಲಿ ಬುದವಂತಿ ಎಂಬ ಅಜ್ಜಿಯ ಒಂದೇ ಒಂದು ಗದ್ದೆ. ಇದ್ದ ಬೀಜದ ಭತ್ತವನ್ನೆಲ್ಲ ಅಲ್ಲೇ ಬಿತ್ತಿದ್ದಳು. ಅದು ಹೋದರೆ ಮುಂದಿನ ವರ್ಷ ಲೋಕದಲ್ಲೇ ಭತ್ತವಿಲ್ಲ.

ಮಳೆ ಬಂತು, ನದಿ ಉಬ್ಬಿತು, ಸಸಿಗಳ ಕುತ್ತಿಗೆವರೆಗೆ ನೀರು ಏರಿತು. ದಾರಿ ಬಿಡು ಎಂದು ನದಿ ಮರಳನ್ನು ಬೇಡಿತು. ಬಿಟ್ಟರೆ ಸಮುದ್ರ ಒಳಗೆ ನುಗ್ಗಿ, ಉಪ್ಪು ನೀರಿಗೆ ಸಸಿ ಸುಟ್ಟುಹೋದೀತು ಎಂದು ಮರಳಿಗೆ ಚಿಂತೆ. ಅದು ಅಲುಗಲೇ ಇಲ್ಲ. ಮರಳು ಮೊದಲಿನಿಂದಲೂ ಹಟಮಾರಿ, ಆದರೆ ಕೆಟ್ಟದ್ದಲ್ಲ.

ಅಜ್ಜಿ ದಡದ ಏಡಿಯನ್ನು ಕಳಿಸಿದಳು. ಏಡಿ ಹೋಗಿ ಕೈಕಾಲು ಹಿಡಿದ ಮೇಲೆ ಮರಳು ಒಪ್ಪಿತು. ನೀನು ಗೀರಿದರೆ ಬಾಗಿಲು ತೆಗೆಯುತ್ತೇನೆ, ಆದರೆ ನದಿ ಹೊರಗೆ ಹೋಗಬಹುದೇ ಹೊರತು ಸಮುದ್ರ ಒಳಗೆ ಬರುವಂತಿಲ್ಲ ಎಂದಿತು.

ಏಡಿ ಬೆರಳಗಲ ಗೀರಿತು. ಆ ಗೀರಿನಲ್ಲಿ ನೀರು ಇಣುಕಿತು, ಹರಿಯಿತು, ಆಮೇಲೆ ಭೋರ್ಗರೆಯಿತು.

ಏಡಿ ಮಾತ್ರ ಕೈ ತೆಗೆಯಲಿಲ್ಲ. ತೆಗೆದರೆ ಬಾಗಿಲು ಮುಚ್ಚಿ ಸಸಿ ಮುಳುಗೀತು ಎಂದು ಅದರ ಎಣಿಕೆ. ಬೆಳಿಗ್ಗೆ ಗೀರಿತು, ಮಧ್ಯಾಹ್ನವೂ ಗೀರಿತು. ಊಟವಿಲ್ಲ, ತಿಂಡಿಯಿಲ್ಲ, ಕೈ ಕಳಚಿ ಬೀಳುವ ಹಾಗಾಯಿತು. ಪಾಪ, ಅಳುತ್ತಲೇ ಗೀರಿತು.

ಅಜ್ಜಿಗೆ ನೋಡಲಾಗಲಿಲ್ಲ. "ಕೈ ತೆಗಿ ಮಾರಾಯ," ಎಂದಳು. "ಗದ್ದೆ ಹೋದ್ರೆ ಹೋಗ್ಲಿ."

ಏಡಿ ಕಣ್ಣು ಮುಚ್ಚಿ ಕೈ ತೆಗೆಯಿತು. ನೀರು ಹರಿಯುತ್ತಲೇ ಇತ್ತು. ಒಂದು ಕಣ್ಣು ತೆರೆದು ನೋಡಿತು. ಆಗಲೂ ಹರಿಯುತ್ತಲೇ ಇತ್ತು.

ಮರಳು ನಕ್ಕಿತು. "ತೆಗೆಯೋಕೆ ಒಂದು ಗೀರು ಸಾಕಿತ್ತು. ಆಮೇಲೆ ಬಾಗಿಲು ಹಿಡ್ಕೊಂಡಿದ್ದು ಹರಿಯೋ ನೀರೇ. ಇನ್ನು ನೀನು ಮುಚ್ಚು ಅಂದ್ರೂ ಮುಚ್ಚೋದಿಲ್ಲ. ನೀರು ಸೊರಗಲಿ, ನಾನೇ ಮುಚ್ಕೊಳ್ತೇನೆ."

ಹಾಗೇ ಆಯಿತು. ನೀರು ಇಳಿದು ನೂಲಿನೆಳೆಯಷ್ಟಾದಾಗ ಮರಳು ಮೆಲ್ಲಗೆ ಮುಚ್ಚಿಕೊಂಡಿತು. ಸಮುದ್ರ ಬಂದು ಬಾಗಿಲು ತಟ್ಟಿ ವಾಪಸು ಹೋಯಿತು. ಸಸಿಗಳು ತಲೆ ಎತ್ತಿದವು. ಅಜ್ಜಿ ಅಬ್ಬ ಎಂದು ಗದ್ದೆಯ ಬದುವಿನಲ್ಲೇ ಕೂತುಬಿಟ್ಟಳು. ಏಡಿ ಹೊಟ್ಟೆ ತುಂಬ ತಿಂದು ಮಲಗಿತು.

ಆ ಮರಳಿನ ವಂಶದ್ದೇ, ಮರಳು ಕಾಸಿ ತೆಗೆದ ಒಂದು ಚೂರು, ನಿಮ್ಮಪ್ಪ ದೋಣಿಯ ಬ್ಯಾಟರಿಗೆ ಹಚ್ಚುತ್ತಾನಲ್ಲ, ಆ ಚಾರ್ಜರಿನೊಳಗಿದೆ. ಎಸ್‌ಸಿಆರ್ ಅಂತಾರೆ ಅದಕ್ಕೆ. ಅಲ್ಲಿ ನದಿಯ ಬದಲು ಕರೆಂಟು. ಚಿಟಿಕೆ ಕರೆಂಟು ಬಂದು ಮುಟ್ಟಿದರೆ ಸಾಕು, ದೊಡ್ಡ ಕರೆಂಟಿಗೆ ಬಾಗಿಲು ತೆರೆಯುತ್ತದೆ, ಅದೂ ಒಂದೇ ದಿಕ್ಕಿಗೆ. ಕರೆಂಟು ಸೊರಗಿದಾಗ ತಾನೇ ಮುಚ್ಚಿಕೊಂಡು ಮತ್ತೊಂದು ಗೀರಿಗೆ ಕಾಯುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ ಎಷ್ಟೋ ಸಲ.

ಏಡಿಯೂ ಆ ದಿನವನ್ನು ಮರೆತಿಲ್ಲ. ನಾಳೆ ಕಡಲತೀರಕ್ಕೆ ಹೋದಾಗ ನೋಡು, ಅದಕ್ಕೇ ಅದು ಇವತ್ತಿಗೂ ಮರಳನ್ನು ಒಮ್ಮೆ ಗೀರಿ, ಕೈ ಮೇಲೆತ್ತಿಕೊಂಡು ಓಡಿಹೋಗುತ್ತದೆ.